ಚರೆಗುಂಡು ಮತ್ತು ಕಣ್ಣು: ಸುರಕ್ಷಾ ಕನ್ನಡಕದ ಬಗ್ಗೆ ಗುರಿಬಿಲ್ಲೆ ಕ್ರೀಡೆ ಕಲಿಸುವ ಪಾಠ

2004ರ ಅಥೆನ್ಸ್ ಒಲಿಂಪಿಕ್ ಕ್ರೀಡಾಕೂಟದಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಅವರು ಡಬಲ್ ಟ್ರ್ಯಾಪ್ ಸ್ಪರ್ಧೆಯ ಬೆಳ್ಳಿ ಪದಕ ಗಳಿಸಿದಾಗ, ಹಾರುವ ಬಿಲ್ಲೆಗಳನ್ನು ಚರೆಕೋವಿಯಿಂದ ಒಡೆಯುವ ಕ್ರೀಡೆಯೊಂದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿತು. ಅದಕ್ಕೂ ಬಹಳ ಹಿಂದೆ, 1962ರಲ್ಲಿ, ಬಿಕಾನೇರದ ಕರ್ಣಿ ಸಿಂಗ್ ಅವರು ಕೈರೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಟ್ರ್ಯಾಪ್ ವಿಭಾಗದ ಬೆಳ್ಳಿ ಪದಕ ಪಡೆದಿದ್ದರು. 2006ರಲ್ಲಿ ಮಾನವ್‌ಜಿತ್ ಸಿಂಗ್ ಸಂಧು ಅವರು ಅದೇ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು. ಇಂತಹ ಸ್ಪರ್ಧೆಗಳ ಚಿತ್ರಗಳನ್ನು ನೋಡಿದವರು, ಸ್ಪರ್ಧಿಗಳು ಹಳದಿ, ಕಿತ್ತಳೆ ಅಥವಾ ನೇರಳೆ ಬಣ್ಣದ ಕನ್ನಡಕ ಧರಿಸಿರುವುದನ್ನು ಗಮನಿಸಿರಬಹುದು. ಅದು ಬಿಸಿಲಿನ ತಡೆಗೋ ಶೋಕಿಗೋ ಇರಬೇಕೆಂದು ತಿಳಿಯುವವರೇ ಹೆಚ್ಚು. ವಾಸ್ತವದಲ್ಲಿ ಆ ಕನ್ನಡಕದ ಮೊದಲ ಕೆಲಸ ಕಣ್ಣನ್ನು ಉಳಿಸುವುದು.

ಸುರಕ್ಷಾ ಸಾಮಗ್ರಿಗಳ ವರ್ತಕರಿಗೂ, ಪ್ಲಾಸ್ಟಿಕ್ ಅಚ್ಚಿನ ಉದ್ಯಮ ನಡೆಸುವ ಸಣ್ಣ ಕೈಗಾರಿಕೋದ್ಯಮಿಗಳಿಗೂ, ತಮ್ಮ ಕಾರ್ಖಾನೆಯ ಕೆಲಸಗಾರರಿಗಾಗಿ ಕನ್ನಡಕ ಖರೀದಿಸುವ ಮಾಲೀಕರಿಗೂ ಈ ಕ್ರೀಡೆಯಿಂದ ಕಲಿಯಬೇಕಾದ ಸಂಗತಿಗಳಿವೆ. ಕಣ್ಣಿಗೆ ಬರುವ ಅಪಾಯವನ್ನು ತೂಕ ಮತ್ತು ವೇಗಗಳ ಅಂಕಿಗಳಲ್ಲಿ ಲೆಕ್ಕ ಹಾಕಿ ನೋಡಲು ಇಲ್ಲಿ ಸಾಧ್ಯವಿದೆ. ಸುರಕ್ಷಾ ಕನ್ನಡಕ ಏನನ್ನು ತಡೆಯಬಲ್ಲದು, ಏನನ್ನು ತಡೆಯಲಾರದು ಎಂಬುದು ಆ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ.

ಕ್ರೀಡೆಯ ಸ್ವರೂಪ

‘ಕ್ಲೇ’ ಎಂದು ಕರೆದರೂ ಗುರಿಬಿಲ್ಲೆ ಇಂದು ಜೇಡಿಮಣ್ಣಿನದಲ್ಲ. ಸುಣ್ಣಕಲ್ಲಿನ ಪುಡಿಯನ್ನು ಡಾಂಬರಿನಂತಹ ಪಿಚ್‌ನೊಡನೆ ಬೆರೆಸಿ, ಅಚ್ಚಿನಲ್ಲಿ ಒತ್ತಿ ಅದನ್ನು ತಯಾರಿಸುತ್ತಾರೆ. ಅಂತಾರಾಷ್ಟ್ರೀಯ ಸ್ಪರ್ಧೆಗಳಲ್ಲಿ ಬಳಸುವ ಬಿಲ್ಲೆಯ ವ್ಯಾಸ 110 ಮಿಲಿಮೀಟರ್, ತೂಕ ಸುಮಾರು 105 ಗ್ರಾಂ. ಯಂತ್ರವು ಇದನ್ನು ಗಾಳಿಗೆ ಎಸೆಯುತ್ತದೆ; ಸ್ಪರ್ಧಿ ಅದನ್ನು ಹಾರಾಟದಲ್ಲಿಯೇ ಒಡೆಯಬೇಕು. ಟ್ರ್ಯಾಪ್ ವಿಭಾಗದಲ್ಲಿ ಬಿಲ್ಲೆಯು ಸ್ಪರ್ಧಿಯಿಂದ ದೂರಕ್ಕೆ ಹಾರುತ್ತದೆ. ಸ್ಕೀಟ್ ವಿಭಾಗದಲ್ಲಿ ಎದುರುಬದುರಾಗಿರುವ ಒಂದು ಎತ್ತರದ ಹಾಗೂ ಒಂದು ತಗ್ಗಿನ ಮನೆಯಿಂದ ಬಿಲ್ಲೆಗಳು ಅಡ್ಡಲಾಗಿ ಹಾರುತ್ತವೆ. ಸ್ಪರ್ಧಿಯು ಅರ್ಧವೃತ್ತದ ಮೇಲಿನ ಏಳು ನಿಲ್ದಾಣಗಳಿಂದಲೂ ನಡುವಿನ ಎಂಟನೆಯ ನಿಲ್ದಾಣದಿಂದಲೂ ಗುಂಡು ಹಾರಿಸುತ್ತಾನೆ.

ಬಳಸುವ ತೋಟೆಯಲ್ಲಿ ಗರಿಷ್ಠ 24 ಗ್ರಾಂನಷ್ಟು ಚರೆ ಇರುತ್ತದೆ. ಏಳೂವರೆ ಸಂಖ್ಯೆಯ ಸೀಸದ ಚರೆಯನ್ನು ತೆಗೆದುಕೊಂಡರೆ, ಒಂದು ಚರೆಯ ವ್ಯಾಸ ಸುಮಾರು 2.4 ಮಿಲಿಮೀಟರ್, ತೂಕ ಸುಮಾರು 0.08 ಗ್ರಾಂ. ಅಂದರೆ ಒಂದು ತೋಟೆಯಿಂದ ಹೊರಡುವ ಚರೆಗಳ ಸಂಖ್ಯೆ ಸುಮಾರು 300. ಬಿಲ್ಲೆ ಒಡೆಯಲು ಇವುಗಳಲ್ಲಿ ಕೆಲವೇ ಸಾಕು. ಉಳಿದವು ಎಲ್ಲಿಗೆ ಹೋಗುತ್ತವೆ ಎಂಬ ಪ್ರಶ್ನೆಯೇ ಈ ಲೇಖನದ ಮೂಲ.

ದಾರಿ ತಪ್ಪಿದ ಚರೆಯ ಮೂಲಗಳು

ಮೊದಲನೆಯದು, ಆಕಾಶದಿಂದ ಬೀಳುವ ಚರೆ. ಮೇಲಕ್ಕೆ ಹಾರಿದ ಚರೆಗಳು ಗಾಳಿಯ ಪ್ರತಿರೋಧದಿಂದ ವೇಗ ಕಳೆದುಕೊಂಡು ಕೆಳಗೆ ಬೀಳುತ್ತವೆ. ಅಕ್ಕಪಕ್ಕದಲ್ಲಿ ಹಲವು ಅಂಕಣಗಳಿರುವ ಮೈದಾನಗಳಲ್ಲಿ, ಒಂದು ಅಂಕಣದ ಚರೆಗಳು ಇನ್ನೊಂದರಲ್ಲಿ ಇರುವವರ ಮೇಲೆ ಸುರಿಯುವುದುಂಟು.

ಎರಡನೆಯದು, ಪುಟಿದು ಬರುವ ಚರೆ. ಕಲ್ಲು, ಕಾಂಕ್ರೀಟು, ಕಬ್ಬಿಣದ ಕಂಬ, ಯಂತ್ರದ ಮನೆಯ ಗೋಡೆ ಇವುಗಳಿಗೆ ತಗುಲಿದ ಚರೆ ಹಿಂದಕ್ಕೆ ಅಥವಾ ಪಕ್ಕಕ್ಕೆ ಬರಬಹುದು. ಸೀಸ ಮೃದು ಲೋಹವಾದುದರಿಂದ ಬಡಿದಾಗ ಚಪ್ಪಟೆಯಾಗಿ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಉಕ್ಕಿನ ಚರೆ ಹಾಗಲ್ಲ, ಅದು ಹೆಚ್ಚು ರಭಸದಿಂದ ಪುಟಿಯುತ್ತದೆ. ಸೀಸದಿಂದ ಪರಿಸರಕ್ಕಾಗುವ ಹಾನಿಯನ್ನು ಪರಿಗಣಿಸಿ ಯೂರೋಪಿನ ಒಕ್ಕೂಟವು 2023ರಿಂದ ಜೌಗು ಪ್ರದೇಶಗಳಲ್ಲಿ ಸೀಸದ ಚರೆಯನ್ನು ನಿರ್ಬಂಧಿಸಿದೆ. ಉಕ್ಕಿನ ಚರೆಯ ಬಳಕೆ ಹೆಚ್ಚಿದಂತೆ ಪುಟಿಯುವ ಅಪಾಯಕ್ಕೂ ಹೆಚ್ಚು ಗಮನ ಕೊಡಬೇಕಾಗುತ್ತದೆ.

ಮೂರನೆಯದು, ಬಿಲ್ಲೆಯ ಚೂರು. ಸ್ಕೀಟ್ ಆಟದಲ್ಲಿ ಸ್ಪರ್ಧಿಯ ಕಡೆಗೇ ಬರುತ್ತಿರುವ ಬಿಲ್ಲೆ ಒಡೆದಾಗ ಅದರ ಚೂರುಗಳು ಅದೇ ವೇಗದಲ್ಲಿ ಮುಂದುವರಿಯುತ್ತವೆ. ಎಂಟನೆಯ ನಿಲ್ದಾಣದಲ್ಲಿ ಬಿಲ್ಲೆಯನ್ನು ಕೆಲವೇ ಮೀಟರುಗಳ ಅಂತರದಲ್ಲಿ ಒಡೆಯಬೇಕಾಗುವುದರಿಂದ ಮುಖದ ಮೇಲೆ ಚೂರು ಬೀಳುವುದು ಅಲ್ಲಿ ಅಪರೂಪವೇನಲ್ಲ.

ನಾಲ್ಕನೆಯದು, ಕೋವಿಯಿಂದಲೇ ಬರುವ ಅಪಾಯ. ಸ್ವಯಂಚಾಲಿತ ಕೋವಿಯಿಂದ ಹೊರಚಿಮ್ಮುವ ಖಾಲಿ ತೋಟೆ ಪಕ್ಕದವರ ಮುಖಕ್ಕೆ ತಗುಲಬಹುದು. ಸುಡದೆ ಉಳಿದ ಮದ್ದಿನ ಕಣ ಹಿಂದಕ್ಕೆ ಸಿಡಿಯಬಹುದು. ಎಲ್ಲಕ್ಕಿಂತ ಭೀಕರವಾದುದು ನಳಿಕೆ ಸಿಡಿಯುವುದು. 20 ಬೋರಿನ ತೋಟೆಯನ್ನು ತಪ್ಪಿ 12 ಬೋರಿನ ಕೋವಿಗೆ ಹಾಕಿದರೆ ಅದು ಮುಂದಕ್ಕೆ ಜಾರಿ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿಯಿದೆಯೆಂದು ಭಾವಿಸಿ ಅದರ ಹಿಂದೆ 12 ಬೋರಿನ ತೋಟೆ ಹಾಕಿ ಹಾರಿಸಿದರೆ ನಳಿಕೆ ಒಡೆಯುತ್ತದೆ. ಈ ಕಾರಣದಿಂದಲೇ 20 ಬೋರಿನ ತೋಟೆಗಳಿಗೆ ಹಳದಿ ಬಣ್ಣ ಕೊಡುವ ಪದ್ಧತಿ ಬೆಳೆದು ಬಂದಿದೆ. ತೋಟೆಗಳ ವ್ಯಾಪಾರದಲ್ಲಿ ಬಣ್ಣಕ್ಕೂ ಒಂದು ಜವಾಬ್ದಾರಿಯಿದೆ ಎಂಬುದಕ್ಕೆ ಇದು ನಿದರ್ಶನ.

ಲೆಕ್ಕ ಏನು ಹೇಳುತ್ತದೆ

ಈಗ ಇವುಗಳ ಶಕ್ತಿಯನ್ನು ತುಲನೆ ಮಾಡೋಣ. ನಳಿಕೆಯ ಬಾಯಲ್ಲಿ ಚರೆಯ ವೇಗ ಸೆಕೆಂಡಿಗೆ ಸುಮಾರು 400 ಮೀಟರ್ ಎಂದು ಇಟ್ಟುಕೊಂಡರೆ, 0.08 ಗ್ರಾಂ ತೂಕದ ಒಂದೊಂದು ಚರೆಯಲ್ಲಿಯೂ ಸುಮಾರು 6.4 ಜೌಲ್ ಶಕ್ತಿಯಿರುತ್ತದೆ. ಸುಮಾರು 40 ಮೀಟರ್ ದೂರ ಹೋಗುವಷ್ಟರಲ್ಲಿ ವೇಗ ಅರ್ಧದಷ್ಟಾಗುತ್ತದೆ; ವೇಗ ಅರ್ಧವಾದರೆ ಶಕ್ತಿ ಕಾಲುಭಾಗಕ್ಕೆ ಇಳಿಯುವುದರಿಂದ ಆಗ ಉಳಿಯುವುದು ಸುಮಾರು 1.6 ಜೌಲ್. ಆಕಾಶದಿಂದ ಬೀಳುವ ಚರೆಯ ವೇಗವಾದರೋ ಸೆಕೆಂಡಿಗೆ 25 ಮೀಟರಿನ ಆಸುಪಾಸು; ಅದರ ಶಕ್ತಿ 0.03 ಜೌಲಿಗಿಂತಲೂ ಕಡಿಮೆ. ಬಟ್ಟೆಯ ಮೇಲೆ ಬಿದ್ದರೆ ಮಳೆಹನಿಯಂತೆ ತೋರುವ ಈ ಚರೆ, ಬಿಲ್ಲೆಯನ್ನು ನೋಡಲು ಮೇಲಕ್ಕೆತ್ತಿದ ಬರಿಗಣ್ಣಿಗೆ ಬಿದ್ದರೆ ಗಾಯ ಮಾಡಬಲ್ಲದು. ಬಿಲ್ಲೆಯ 10 ಗ್ರಾಂ ತೂಕದ ಚೂರೊಂದು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂದರೆ ಅದರ ಶಕ್ತಿ ಸುಮಾರು 1.1 ಜೌಲ್.

ಇನ್ನು ಕನ್ನಡಕದ ಪರೀಕ್ಷೆಯನ್ನು ನೋಡೋಣ. ಯೂರೋಪಿನಲ್ಲಿ ದೀರ್ಘಕಾಲ ಬಳಕೆಯಲ್ಲಿರುವ ಇಎನ್ 166 ಎಂಬ ಮಾನಕದಲ್ಲಿ ‘ಎಫ್’ ಗುರುತು ಪಡೆಯಲು, 6 ಮಿಲಿಮೀಟರ್ ವ್ಯಾಸದ 0.86 ಗ್ರಾಂ ತೂಕದ ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದಾಗ ಮಸೂರ ತಡೆದುಕೊಳ್ಳಬೇಕು. ಇದರ ಶಕ್ತಿ ಸುಮಾರು 0.87 ಜೌಲ್. ‘ಬಿ’ ಗುರುತಿಗೆ ಸೆಕೆಂಡಿಗೆ 120 ಮೀಟರ್, ‘ಎ’ ಗುರುತಿಗೆ 190 ಮೀಟರ್ ವೇಗದ ಪರೀಕ್ಷೆಯಿದೆ. ಆದರೆ ಕಿವಿಯ ಮೇಲೆ ನಿಲ್ಲುವ ಸಾಮಾನ್ಯ ಮಾದರಿಯ ಕನ್ನಡಕಕ್ಕೆ ‘ಎಫ್’ ಮಟ್ಟವೇ ಮೇಲ್ಮಿತಿ. ‘ಬಿ’ ಮುಖಕ್ಕೆ ಒತ್ತಿ ಕೂರುವ ಗಾಗಲ್‌ಗಳಿಗೂ ‘ಎ’ ಮುಖಪರದೆಗಳಿಗೂ ಸಂಬಂಧಿಸಿದ್ದು. ಅಮೆರಿಕದ ಜಡ್ 87.1 ಮಾನಕದಲ್ಲಿ ಕನ್ನಡಕಕ್ಕೆ ಸುಮಾರು ಇದೇ ವೇಗದ ಪರೀಕ್ಷೆಯೊಡನೆ, 500 ಗ್ರಾಂ ತೂಕದ ಮೊನಚಾದ ವಸ್ತುವನ್ನು 127 ಸೆಂಟಿಮೀಟರ್ ಎತ್ತರದಿಂದ ಬೀಳಿಸುವ ಪರೀಕ್ಷೆಯೂ ಇದೆ. ಎರಡರಲ್ಲಿಯೂ ತೇರ್ಗಡೆಯಾದ ಕನ್ನಡಕ ‘ಜಡ್ 87’ರ ಮುಂದೆ ಕೂಡಿಸುವ ಚಿಹ್ನೆಯನ್ನು ಪಡೆಯುತ್ತದೆ. 2021ರಲ್ಲಿ ಪ್ರಕಟವಾದ ಐಎಸ್‌ಒ 16321 ಎಂಬ ಮಾನಕಮಾಲೆಯು ಇಎನ್ 166ರ ಸ್ಥಾನಕ್ಕಾಗಿ ರೂಪುಗೊಂಡಿರುವುದರಿಂದ, ರಫ್ತಿನ ಉದ್ದೇಶವುಳ್ಳವರು ಎರಡನ್ನೂ ಪರಿಶೀಲಿಸುವುದು ಒಳಿತು.

ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಂಗತಿ ನಿಚ್ಚಳವಾಗುತ್ತದೆ. ಬೀಳುವ ಚರೆಯನ್ನು ಒಳ್ಳೆಯ ಕನ್ನಡಕ ನಿರಾಯಾಸವಾಗಿ ತಡೆಯುತ್ತದೆ. ಶಕ್ತಿಯ ಬಹುಪಾಲನ್ನು ಕಳೆದುಕೊಂಡು ಪುಟಿದ ಚರೆ ಮತ್ತು ಬಿಲ್ಲೆಯ ಚೂರು ಅದು ತಡೆಯಬಲ್ಲ ಮಟ್ಟದ ಸುತ್ತಮುತ್ತ ಇರುತ್ತವೆ. ಆದರೆ ನೇರವಾಗಿ ಬರುವ ಚರೆಯ ಶಕ್ತಿ 40 ಮೀಟರ್ ದೂರದಲ್ಲಿಯೂ ‘ಎಫ್’ ಪರೀಕ್ಷೆಯ ಸುಮಾರು ಎರಡರಷ್ಟು, ಹತ್ತಿರದಲ್ಲಿ ಏಳರಷ್ಟು. ಅದೂ 2.4 ಮಿಲಿಮೀಟರಿನ ಅತಿ ಸಣ್ಣ ಜಾಗದ ಮೇಲೆ ಕೇಂದ್ರೀಕೃತವಾಗಿರುತ್ತದೆ. ಆದ್ದರಿಂದ ತಪ್ಪು ದಿಕ್ಕಿಗೆ ತಿರುಗಿದ ಕೋವಿಯಿಂದ ಯಾವ ಕನ್ನಡಕವೂ ಕಾಪಾಡುತ್ತದೆಂದು ಭರವಸೆ ಕೊಡಲಾಗದು. ‘ಗುಂಡು ನಿರೋಧಕ’ ಎಂಬ ಮಾತನ್ನು ಕನ್ನಡಕದ ಪೆಟ್ಟಿಗೆಯ ಮೇಲೆ ಮುದ್ರಿಸುವವರೂ, ಅದನ್ನು ನಂಬಿ ಮಾರುವವರೂ ಇದನ್ನು ನೆನಪಿನಲ್ಲಿಡಬೇಕು.

ದೂರವೇ ಮೊದಲ ರಕ್ಷಣೆ

ಕನ್ನಡಕ ಕೊನೆಯ ತಡೆ; ಮೊದಲ ತಡೆ ದೂರ ಮತ್ತು ದಿಕ್ಕು. ಸ್ಕೀಟ್ ಆಟದ ಇತಿಹಾಸವೇ ಇದಕ್ಕೆ ಸಾಕ್ಷಿ. 1920ರ ಸುಮಾರಿನಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಂಡೋವರ್ ಎಂಬ ಊರಿನಲ್ಲಿ ಚಾರ್ಲ್ಸ್ ಡೇವಿಸ್ ಎಂಬವರು ಬೇಟೆಯ ಅಭ್ಯಾಸಕ್ಕಾಗಿ ಒಂದು ಪೂರ್ಣ ವೃತ್ತವನ್ನು ಗುರುತಿಸಿ, ಗಡಿಯಾರದ ಅಂಕಿಗಳಂತೆ ಅದರ ಸುತ್ತ ನಿಂತು ಎಲ್ಲ ದಿಕ್ಕುಗಳಿಗೂ ಗುಂಡು ಹಾರಿಸುವ ಆಟವನ್ನು ಆರಂಭಿಸಿದರು. ಕೆಲಕಾಲದ ನಂತರ ಪಕ್ಕದ ಜಮೀನಿನಲ್ಲಿ ಕೋಳಿ ಸಾಕಣೆ ಆರಂಭವಾಯಿತು. ಆ ದಿಕ್ಕಿಗೆ ಚರೆ ಹಾರಿಸುವುದು ಅಸಾಧ್ಯವಾದಾಗ ವೃತ್ತವನ್ನು ಅರ್ಧಕ್ಕೆ ಕತ್ತರಿಸಿ, ಇನ್ನೊಂದು ತುದಿಯಲ್ಲಿ ಎರಡನೆಯ ಯಂತ್ರವನ್ನು ಇಟ್ಟರು. ಇಂದು ಜಗತ್ತಿನಾದ್ಯಂತ ಇರುವ ಸ್ಕೀಟ್ ಅಂಕಣದ ಅರ್ಧವೃತ್ತ ಹೀಗೆ ಒಬ್ಬ ನೆರೆಯವನ ಉದ್ದಿಮೆಯನ್ನು ಗೌರವಿಸಿದುದರ ಫಲ. 1968ರಲ್ಲಿ ಮೆಕ್ಸಿಕೋದಲ್ಲಿ ಅದು ಒಲಿಂಪಿಕ್ ಕ್ರೀಡೆಯಾಯಿತು.

ಚರೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಒಂದು ಸುಲಭ ಸೂತ್ರವಿದೆ. ಚರೆಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆದು ಸುಮಾರು 80ರಿಂದ ಗುಣಿಸಿದರೆ ಅದರ ಗರಿಷ್ಠ ದೂರ ಮೀಟರಿನಲ್ಲಿ ದೊರೆಯುತ್ತದೆ. 2.4 ಮಿಲಿಮೀಟರಿನ ಚರೆಗೆ ಇದು ಸುಮಾರು 190 ಮೀಟರ್. ಗಾಳಿ ಬೆನ್ನಿಗಿದ್ದರೆ ಇನ್ನೂ ಹೆಚ್ಚು. ಆದ್ದರಿಂದಲೇ ಮೈದಾನದ ಮುಂದೆ ಸುಮಾರು 275 ಮೀಟರ್, ಅಂದರೆ 300 ಗಜದಷ್ಟು ನಿರ್ಜನ ಪ್ರದೇಶ ಇರಿಸಿಕೊಳ್ಳುವ ರೂಢಿಯಿದೆ. ಮೈದಾನಕ್ಕೆ ಜಮೀನು ಕೊಳ್ಳುವವರೂ, ಅದರ ನೆರೆಯಲ್ಲಿ ಗೋದಾಮು ಅಥವಾ ಶೆಡ್ಡು ಕಟ್ಟುವವರೂ ಈ ಅಳತೆಯನ್ನು ತಿಳಿದಿರುವುದು ಉಪಯುಕ್ತ.

ನಿಯಮಗಳ ವಿಷಯದಲ್ಲಿ ಅಮೆರಿಕದ ರಾಷ್ಟ್ರೀಯ ಸ್ಕೀಟ್ ಸಂಘವು ಅಂಕಣದಲ್ಲಿರುವ ಪ್ರತಿಯೊಬ್ಬರಿಗೂ ಕಣ್ಣು ಮತ್ತು ಕಿವಿಯ ರಕ್ಷಣೆಯನ್ನು ಕಡ್ಡಾಯಗೊಳಿಸಿದೆ. ಅಂತಾರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ ನಿಯಮಗಳು ಸ್ಪರ್ಧಿಗಳೂ ಸಮೀಪದಲ್ಲಿರುವ ಇತರರೂ ಒಡೆಯದ ಮಸೂರದ ಕನ್ನಡಕ ಧರಿಸಬೇಕೆಂದು ಒತ್ತಾಯಪೂರ್ವಕವಾಗಿ ಸೂಚಿಸುತ್ತವೆ. ಗುಂಡು ಹಾರಿಸುವವನ ಜೊತೆಗೆ ಅಂಕ ಬರೆಯುವವನು, ಯಂತ್ರದ ಕೆಲಸಗಾರ, ನೋಡಲು ಬಂದ ಮಗು ಇವರೆಲ್ಲರಿಗೂ ಕನ್ನಡಕ ಬೇಕು ಎಂಬುದು ಇಲ್ಲಿನ ತತ್ತ್ವ. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಸಂದರ್ಭದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿಯೂ ಹೊಡೆಯುವವರಿಗೆ, ಸಮೀಪದಲ್ಲಿ ನಿಲ್ಲುವವರಿಗೆ ಈ ತತ್ತ್ವ ಅನ್ವಯವಾಗುತ್ತದೆ.

ಮಸೂರದ ವಸ್ತು: ತಯಾರಕರ ಗಮನಕ್ಕೆ

ಸಾಮಾನ್ಯ ಗಾಜಿನ ಮಸೂರ ಒಡೆದರೆ ಅದರ ಚೂರೇ ಕಣ್ಣಿಗೆ ಎರಡನೆಯ ಶತ್ರುವಾಗುತ್ತದೆ. ಓದುವ ಕನ್ನಡಕಗಳಲ್ಲಿ ಬಳಸುವ ಸಿಆರ್ 39 ಎಂಬ ಪ್ಲಾಸ್ಟಿಕ್ ಹಗುರವಾದರೂ ಇಂತಹ ಆಘಾತಕ್ಕೆ ತಕ್ಕುದಲ್ಲ. ಸುರಕ್ಷಾ ಕನ್ನಡಕಕ್ಕೆ ಪ್ರಧಾನವಾಗಿ ಬಳಸುವುದು ಪಾಲಿಕಾರ್ಬೊನೇಟನ್ನು. 1953ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಡೇನಿಯಲ್ ಫಾಕ್ಸ್ ಇದನ್ನು ಪ್ರತ್ಯೇಕವಾಗಿ ರೂಪಿಸಿದರು. ಬಡಿದಾಗ ಒಡೆಯುವ ಬದಲು ಬಾಗಿ ಆಘಾತವನ್ನು ಹೀರಿಕೊಳ್ಳುವುದು ಇದರ ವಿಶೇಷ ಗುಣ.

ಆದರೆ ಈ ಗುಣ ಹರಳಿನಲ್ಲಿ ಇದ್ದ ಮಾತ್ರಕ್ಕೆ ಮಸೂರದಲ್ಲಿ ಉಳಿಯುತ್ತದೆಂದು ತಿಳಿಯಬಾರದು. ಪಾಲಿಕಾರ್ಬೊನೇಟ್ ಹರಳುಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಅಚ್ಚಿಗೆ ಹಾಕುವ ಮೊದಲು ಸುಮಾರು 120 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೂರು ನಾಲ್ಕು ಗಂಟೆ ಒಣಗಿಸಿ ತೇವಾಂಶವನ್ನು ಶೇಕಡ 0.02ಕ್ಕಿಂತ ಕಡಿಮೆ ಮಾಡಬೇಕು. ಇಲ್ಲವಾದರೆ ಕರಗುವಾಗ ಅಣುಸರಪಣಿ ತುಂಡಾಗಿ ವಸ್ತು ಪೆಡಸಾಗುತ್ತದೆ. ಅಂತಹ ಮಸೂರ ಕೆಲವೊಮ್ಮೆ ನೋಡಲು ಸಂಪೂರ್ಣ ಪಾರದರ್ಶಕವಾಗಿಯೇ ಇರುತ್ತದೆ. ದೋಷ ತಿಳಿಯುವುದು ಪೆಟ್ಟು ಬಿದ್ದಾಗ ಮಾತ್ರ. ಉಳಿಕೆ ಮಾಲನ್ನು ಪುಡಿಮಾಡಿ ಮಿತಿಮೀರಿ ಬೆರೆಸುವುದು, ಬೇಗ ತಣಿಸಿ ಒಳಒತ್ತಡ ಉಳಿಸುವುದು, ಎರಡು ಹರಿವುಗಳು ಕೂಡುವ ಗೆರೆ ಕಣ್ಣಿನ ಮುಂದೆ ಬರುವಂತೆ ಅಚ್ಚನ್ನು ರೂಪಿಸುವುದು ಇವೂ ಅದೇ ಬಗೆಯ ಕಾಣದ ದೋಷಗಳು. ಆದ್ದರಿಂದ ಪ್ರತಿ ತಂಡದಿಂದ ಮಾದರಿಗಳನ್ನು ತೆಗೆದು ಆಘಾತ ಪರೀಕ್ಷೆಗೆ ಒಡ್ಡುವುದನ್ನು ಖರ್ಚೆಂದು ಭಾವಿಸಬಾರದು.

ಪಾಲಿಕಾರ್ಬೊನೇಟಿಗೆ ಬೇಗ ಗೀರು ಬೀಳುತ್ತದೆ; ಗಟ್ಟಿ ಲೇಪನ ಅಗತ್ಯ. ಥಿನ್ನರ್, ಅಸಿಟೋನ್, ಪೆಟ್ರೋಲ್ ತಗುಲಿದರೆ ಅದರಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂಡುತ್ತವೆ. ಬಣ್ಣದ ಅಂಗಡಿಯ ಪಕ್ಕದ ಕಪಾಟಿನಲ್ಲಿ ಸರಕು ಇಡುವವರು ಇದನ್ನು ಗಮನಿಸಬೇಕು.

ಕೊಳ್ಳುವಾಗ, ಮಾರುವಾಗ

ಕನ್ನಡಕವನ್ನು ಆರಿಸುವಾಗ ಕೆಳಗಿನ ಅಂಶಗಳನ್ನು ಕ್ರಮವಾಗಿ ನೋಡುವುದು ಸೂಕ್ತ.

1. ಮಾನಕದ ಗುರುತು ಮಸೂರದ ಮೇಲೂ ಚೌಕಟ್ಟಿನ ಮೇಲೂ ಇರಬೇಕು. ಒಂದರ ಮೇಲೆ ಮಾತ್ರ ಇದ್ದರೆ ಸಾಲದು. ಭಾರತದಲ್ಲಿ ಕಣ್ಣಿನ ರಕ್ಷಕಗಳಿಗೆ ಐಎಸ್ 5983 ಎಂಬ ಮಾನಕವಿದೆ.

2. ಸುರಕ್ಷಾ ಚೌಕಟ್ಟು ಪೆಟ್ಟು ಬಿದ್ದಾಗ ಮಸೂರ ಹಿಂದಕ್ಕೆ, ಅಂದರೆ ಕಣ್ಣಿನೊಳಕ್ಕೆ ಜಾರದಂತೆ ತಡೆಯುವ ರಚನೆ ಹೊಂದಿರುತ್ತದೆ. ಸಾಮಾನ್ಯ ಚೌಕಟ್ಟಿನಲ್ಲಿ ಒಳ್ಳೆಯ ಮಸೂರ ಕೂರಿಸಿದರೆ ಅದು ಸುರಕ್ಷಾ ಕನ್ನಡಕವಾಗದು.

3. ಪುಟಿದ ಚರೆ ಎದುರಿನಿಂದಲೇ ಬರಬೇಕೆಂದಿಲ್ಲ. ಕಣ್ಣಿನ ಪಕ್ಕ, ಮೇಲ್ಭಾಗ ಮುಚ್ಚುವ ಆಕಾರ ಅಗತ್ಯ.

4. ಬಣ್ಣವು ಹಿನ್ನೆಲೆಯ ವಿರುದ್ಧ ಬಿಲ್ಲೆ ಸ್ಪಷ್ಟವಾಗಿ ಕಾಣಲೆಂದು ಇರುವುದೇ ಹೊರತು ರಕ್ಷಣೆಗಲ್ಲ. ಬೆಲೆಬಾಳುವ ತಂಪು ಕನ್ನಡಕವೂ ಪರೀಕ್ಷೆಗೆ ಒಳಪಡದಿದ್ದರೆ ನಂಬಲರ್ಹವಲ್ಲ.

5. ದೃಷ್ಟಿದೋಷವುಳ್ಳವರು ಪವರ್ ಇರುವ ಪಾಲಿಕಾರ್ಬೊನೇಟ್ ಮಸೂರವನ್ನು ಸುರಕ್ಷಾ ಚೌಕಟ್ಟಿನಲ್ಲಿ ಹಾಕಿಸಬೇಕು, ಇಲ್ಲವೆ ತಮ್ಮ ಕನ್ನಡಕದ ಮೇಲೆ ಧರಿಸುವ ಮಾದರಿಯನ್ನು ಕೊಳ್ಳಬೇಕು.

6. ಒಮ್ಮೆ ಬಲವಾದ ಪೆಟ್ಟು ತಿಂದ ಕನ್ನಡಕವನ್ನು ಬಿರುಕು ಕಾಣದಿದ್ದರೂ ಬದಲಾಯಿಸಬೇಕು.

ಅಪಘಾತವಾದರೆ

ಇಷ್ಟೆಲ್ಲ ಎಚ್ಚರಿಕೆಯ ನಂತರವೂ ಕಣ್ಣಿಗೆ ಚರೆ ಅಥವಾ ಚೂರು ಹೊಕ್ಕಿದೆಯೆಂಬ ಸಂಶಯ ಬಂದರೆ, ಕಣ್ಣನ್ನು ಉಜ್ಜಬಾರದು, ಒತ್ತಬಾರದು, ನೀರಿನಿಂದ ತೊಳೆಯಬಾರದು, ಸಿಕ್ಕಿಕೊಂಡಿರುವುದನ್ನು ಕೀಳಲು ಯತ್ನಿಸಬಾರದು. ಕಾಗದದ ಲೋಟದ ತಳಭಾಗದಂತಹ ಗಟ್ಟಿ ಮುಚ್ಚಳವನ್ನು ಕಣ್ಣಿಗೆ ತಾಗದಂತೆ ಸುತ್ತಲಿನ ಮೂಳೆಯ ಮೇಲೆ ಇರಿಸಿ, ತಡಮಾಡದೆ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬಳಸಿದ ಚರೆ ಸೀಸದ್ದೋ ಉಕ್ಕಿನದ್ದೋ ಎಂಬುದನ್ನು ವೈದ್ಯರಿಗೆ ತಿಳಿಸಬೇಕು. ಉಕ್ಕಿನ ಚೂರು ಕಣ್ಣಿನಲ್ಲಿದ್ದಾಗ ಎಂಆರ್‌ಐ ಯಂತ್ರದ ಅಯಸ್ಕಾಂತವು ಅದನ್ನು ಕದಲಿಸಿ ಹೆಚ್ಚಿನ ಹಾನಿ ಮಾಡಬಲ್ಲದು. ಕಾರ್ಖಾನೆಯಲ್ಲಿ ಲೋಹದ ಚೂರು ಹೊಕ್ಕಾಗಲೂ ಇದೇ ಕ್ರಮ.

ನಮ್ಮ ಕಾರ್ಖಾನೆಗಳಿಗೆ ಅನ್ವಯ

ಗುರಿಬಿಲ್ಲೆ ಕ್ರೀಡೆಯ ಮೈದಾನಗಳು ನಮ್ಮಲ್ಲಿ ವಿರಳ. ಆದರೆ ಕಣ್ಣಿಗೆ ಚೂರು ಸಿಡಿಯುವ ಕೆಲಸಗಳು ಬೆಳಗಾವಿಯ ಫೌಂಡ್ರಿಗಳಿಂದ ಪೀಣ್ಯದ ಯಂತ್ರಶಾಲೆಗಳವರೆಗೆ ಎಲ್ಲೆಡೆ ಇವೆ. ಕೈಗ್ರೈಂಡರಿನ ಕತ್ತರಿಸುವ ಚಕ್ರದ ಅಂಚು ಸೆಕೆಂಡಿಗೆ 80 ಮೀಟರಿನವರೆಗಿನ ವೇಗದಲ್ಲಿ ತಿರುಗಬಹುದು. ಇದು ‘ಎಫ್’ ಪರೀಕ್ಷೆಯ ವೇಗಕ್ಕಿಂತ ಹೆಚ್ಚು. ಚಕ್ರದಿಂದ ಹಾರುವ ಸಣ್ಣ ಕಣವನ್ನು ಒಳ್ಳೆಯ ಕನ್ನಡಕ ತಡೆಯುತ್ತದೆ. ಚಕ್ರವೇ ಒಡೆದರೆ ತಡೆಯಬೇಕಾದುದು ಯಂತ್ರದ ಕವಚ ಮತ್ತು ಮುಖಪರದೆ. ಮೈದಾನದಲ್ಲಿ ಕನ್ನಡಕಕ್ಕಿಂತ ಮೊದಲು ದೂರ ಮತ್ತು ದಿಕ್ಕು ಹೇಗೋ, ಕಾರ್ಖಾನೆಯಲ್ಲಿ ಕನ್ನಡಕಕ್ಕಿಂತ ಮೊದಲು ಕವಚ ಹಾಗೆ. ಮೈದಾನದಲ್ಲಿ ನೋಡಲು ಬಂದವನಿಗೂ ಕನ್ನಡಕ ಬೇಕಾದಂತೆ, ಗ್ರೈಂಡರಿನ ಪಕ್ಕದ ಮೇಜಿನಲ್ಲಿ ಬೇರೆ ಕೆಲಸ ಮಾಡುವವನಿಗೂ, ಲೆಕ್ಕ ಬರೆದುಕೊಳ್ಳಲು ಒಳಗೆ ಬರುವ ಗುಮಾಸ್ತನಿಗೂ ಅದು ಬೇಕು.

1948ರ ಕಾರ್ಖಾನೆ ಕಾಯಿದೆಯ 35ನೆಯ ಕಲಮು, ಚೂರು ಸಿಡಿಯುವ ಅಥವಾ ತೀವ್ರ ಬೆಳಕಿನ ಕೆಲಸಗಳಲ್ಲಿ ಪರದೆ ಅಥವಾ ತಕ್ಕ ಗಾಗಲ್ ಒದಗಿಸುವ ಬಗ್ಗೆ ನಿಯಮ ರಚಿಸಲು ಅವಕಾಶ ಕಲ್ಪಿಸಿತ್ತು. ಆ ಕಾಯಿದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಪರಿಸ್ಥಿತಿ ಸಂಹಿತೆ, 2020 ಎಂಬುದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಕಾನೂನಿನ ಹೆಸರು ಬದಲಾದರೂ, ಅಪಾಯವಿಲ್ಲದ ಕೆಲಸದ ಸ್ಥಳವನ್ನು ಒದಗಿಸುವ ಮಾಲೀಕನ ಹೊಣೆ ಬದಲಾಗಿಲ್ಲ.

ಅಗ್ಗದ, ಗುರುತಿಲ್ಲದ ಕನ್ನಡಕಗಳನ್ನು ಡಜನ್‌ಗಟ್ಟಲೆ ಕೊಂಡು ಗೂಟಕ್ಕೆ ನೇತುಹಾಕಿದರೆ ತಪಾಸಣೆಯ ದಿನ ಪಾರಾಗಬಹುದು. ಆದರೆ ಕಣ್ಣಿಗೆ ಚೂರು ಬಡಿಯುವ ದಿನ ಅವು ಕೆಲಸಕ್ಕೆ ಬರುವುದಿಲ್ಲ. ಗೀರು ಬಿದ್ದು ಮಸುಕಾದ ಕನ್ನಡಕವನ್ನು ಕೆಲಸಗಾರ ಹಣೆಯ ಮೇಲೆ ಏರಿಸಿಕೊಳ್ಳುವುದು ಅವನ ಉದಾಸೀನವೆಂದು ದೂರುವ ಮೊದಲು, ಅದರ ಮೂಲಕ ಕೆಲಸ ಕಾಣುತ್ತದೆಯೇ ಎಂದು ಮಾಲೀಕರು ಒಮ್ಮೆ ತಾವೇ ಧರಿಸಿ ನೋಡುವುದು ಒಳ್ಳೆಯದು. ಯಂತ್ರ ಕೆಟ್ಟರೆ ಬಿಡಿಭಾಗ ತರಿಸಬಹುದು, ನಷ್ಟವಾದರೆ ಮುಂದಿನ ವರ್ಷ ತುಂಬಿಕೊಳ್ಳಬಹುದು. ಹೋದ ಕಣ್ಣನ್ನು ಯಾವ ವಿಮೆಯೂ ಮರಳಿ ತಂದುಕೊಡಲಾರದು. ಆದ್ದರಿಂದ ಸುರಕ್ಷಾ ಕನ್ನಡಕವನ್ನು ತಯಾರಿಸುವ, ಮಾರುವ ಮತ್ತು ಕೊಳ್ಳುವ ಸದಸ್ಯ ಬಂಧುಗಳೆಲ್ಲರೂ ಬೆಲೆಪಟ್ಟಿಯನ್ನು ನೋಡುವ ಮೊದಲು ಮಸೂರದ ಅಂಚಿನಲ್ಲಿರುವ ಆ ಸಣ್ಣ ಗುರುತನ್ನು ನೋಡುವ ಅಭ್ಯಾಸ ಬೆಳೆಸಿಕೊಳ್ಳಬೇಕೆಂದು ವಿನಂತಿ.